ಬಂದೂಕಿನೊಳಗೆ ಹೋದ ಇಳಕಲ್ ಸೀರೆ

ನಮ್ಮ ಮನೆಯಲ್ಲಿ ಒಂದು ಬಂದೂಕು ಇದೆ. ಮೂರು ತಲೆಮಾರಿನಿಂದ ಇದೆ. ಆ ಮೂರು ತಲೆಮಾರಿನಲ್ಲಿ ಅದು ಒಂದು ಇರುವೆಯನ್ನೂ ಕೊಂದಿಲ್ಲ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಇದನ್ನು ಹೇಳಿದಾಗ, "ಮತ್ತ ಅದನ್ನ ಯಾಕ ಇಟ್ಟೀರಿಲೇ, ಅರಿವಿ ಒಣಗ ಹಾಕಾಕೇನ?" ಅಂತ ಕೇಳಿದ್ದರು. ಒಂದು ಮಳೆಗಾಲದಲ್ಲಿ ಅವ್ವ ಅದರ ಮೇಲೆ ಅಪ್ಪನ ಬನಿಯನ್ ಒಣಗ ಹಾಕಿದ್ದೂ ಖರೆಯೇ. ಅವರಿಗೆ ಅದನ್ನು ಹೇಳಲಿಲ್ಲ.

ನಾವು ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಮೊಟ್ಟೆಯ ಮಾತೂ ಇಲ್ಲ. ಹುನಗುಂದದಿಂದ ಸ್ವಲ್ಪ ದೂರ, ಹೊಳೆಯ ಬದಿಗೆ ನಮ್ಮ ಹೊಲ. ಶೇಂಗಾ ಹಾಕುತ್ತೇವೆ, ಪಕ್ಕದಲ್ಲಿ ಗೋವಿನಜೋಳ. ಅದನ್ನು ತಿನ್ನಲು ಕಾಡುಹಂದಿಗಳು ಬರುತ್ತವೆ. ಅವನ್ನು ಓಡಿಸಲು ಮುತ್ತಜ್ಜ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ತಂದ ಬಂದೂಕು ಇದು. ಬಾಯಿಯಿಂದ ಮದ್ದು ಸುರಿದು, ಕೋಲಿನಿಂದ ಜಡಿದು, ಹಿಂದೆ ಕೇಪು ಇಟ್ಟು ಹಾರಿಸುವ ಹಳೆಯ ನಮೂನೆಯದು. ಅಜ್ಜ ಅದಕ್ಕೆ ಮದ್ದು ಹಾಕಿ, ಮೇಲೆ ಗೋವಿನಜೋಳದ ಸಿಪ್ಪೆ ತುರುಕಿ, ಆಕಾಶಕ್ಕೆ ಹಿಡಿದು ಹಾರಿಸುತ್ತಾನೆ. ಗುಂಡು ಮಾತ್ರ ಹಾಕುವುದಿಲ್ಲ. ಬರೀ ಸಪ್ಪಳ. ಹಂದಿಗಳು ಓಡುತ್ತವೆ, ಎರಡು ದಿನ ಬಿಟ್ಟು ಮತ್ತೆ ಬರುತ್ತವೆ, ಅಜ್ಜ ಮತ್ತೆ ಹಾರಿಸುತ್ತಾನೆ. ಇಬ್ಬರಿಗೂ ಇದು ರೂಢಿಯಾಗಿಬಿಟ್ಟಿದೆ.

ಖಂಡೇನವಮಿಯ ಆಯುಧಪೂಜೆಗೆ ಅದಕ್ಕೆ ವಿಭೂತಿ, ಚೆಂಡುಹೂವು. ಚುನಾವಣೆ ಬಂತೆಂದರೆ ಅದು ಪೊಲೀಸ್ ಠಾಣೆಗೆ ಜಮಾ. ಅಜ್ಜ ಅದನ್ನು ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಒಯ್ಯುತ್ತಿದ್ದ. ಕಂಡಕ್ಟರ್ ಪ್ರತಿ ಸಲ, "ಅಜ್ಜಾರ, ಕೂಸಿಗೆ ಅರ್ಧ ಟಿಕೆಟ್ ತಗೋರಿ" ಅನ್ನುತ್ತಿದ್ದ.

ಹೋದ ವರ್ಷ ಅಜ್ಜನ ಕಣ್ಣಿನ ಆಪರೇಷನ್ ಆಯಿತು. ಕೈಯೂ ನಡುಗತೊಡಗಿತು. ಅದೇ ಹೊತ್ತಿಗೆ ಲೈಸೆನ್ಸಿನ ಮುದ್ದತೂ ಮುಗಿಯಲು ಬಂತು. ಬಾಗಲಕೋಟೆಯ ಆಫೀಸಿನಲ್ಲಿ ಹೇಳಿದ್ದು ಇಷ್ಟು: ಬಂದೂಕನ್ನು ಲೈಸೆನ್ಸಿನಲ್ಲಿ ಸಹಾಯಕನಾಗಿರುವ ಮೊಮ್ಮಗನ ಹೆಸರಿಗೆ ಮಾಡಿಸಿರಿ, ಇಲ್ಲವಾದರೆ ಕಾಯಂ ಠಾಣೆಗೆ ಕೊಟ್ಟುಬಿಡಿರಿ. ನನ್ನ ಹೆಸರಿಗೆ ಮಾಡಬೇಕಾದರೆ ಮನೆಯವರೆಲ್ಲ "ನಮ್ಮ ತಕರಾರು ಇಲ್ಲ" ಅಂತ ಸಹಿ ಮಾಡಬೇಕು. ಅಪ್ಪ ಮಾಡಿದ. ಅವ್ವ ಮಾಡಿದಳು. ಆಯಿ ಮಾಡಲಿಲ್ಲ.

ಆಯಿ ಅಂದರೆ ಅಜ್ಜನ ಹೆಂಡತಿ, ಇಳಕಲ್ಲಿನ ನೇಕಾರರ ಮನೆಯ ಮಗಳು. ಮಗ್ಗದ ಕುಣಿಯ ಪಕ್ಕದಲ್ಲೇ ಹುಟ್ಟಿದವಳು ಅಂತ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾಳೆ.

"ಇವಗ ಬುದ್ಧಿ ಬಂದೈತಿ ಅಂತ ನನಗ ಅನಸಬೇಕು" ಅಂದಳು ಆಯಿ, ಕಾಗದವನ್ನು ಎಲೆ ಅಡಿಕೆಯ ಸಂಚಿಯೊಳಗೆ ತುರುಕಿಕೊಂಡು. "ಅನಸಿದ ದಿನ ಸಹಿ ಮಾಡ್ತೇನಿ."

"ಸೋಮವಾರ ಕಾಗದ ಕೊಡಬೇಕಾಗೇತಿ ಆಯಿ. ಇಲ್ಲಂದ್ರ ಬಂದೂಕ ಠಾಣಾಕ ಹೋಗತೈತಿ."

"ಹೋಗಲಿ. ಅದಕ್ಕೇನ ಅಲ್ಲಿ ಹಾದಿ ಗೊತ್ತಿಲ್ಲೇನ?"

ಆ ದಿನ ಊಟವಾದ ಮೇಲೆ ಅಜ್ಜ ಬಂದೂಕನ್ನು ಗೋಡೆಯಿಂದ ಇಳಿಸಿ, ಒರೆಸಿ, ಮತ್ತೆ ಅಲ್ಲೇ ತೂಗು ಹಾಕಿದ. ಒರೆಸುವಂಥ ಧೂಳು ಅದರ ಮೇಲೆ ಇರಲಿಲ್ಲ.

ಆಯಿಗೆ ನನ್ನ ಬುದ್ಧಿ ತೋರಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಮೊಬೈಲು. ಅದರಲ್ಲಿ ಕಲಿತು ಒಂದು ಹಂದಿಗೆ ಗುರಿಯಿಟ್ಟು ಹೊಡೆದರೆ ಆಯಿ ಒಪ್ಪುತ್ತಾಳೆ ಅಂದುಕೊಂಡೆ. ಆರು ತಿಂಗಳಿಂದ ಊಟದ ಬಿಡುವಿನಲ್ಲಿ ಹಳೆಯ ಬಂದೂಕುಗಳ ವಿಡಿಯೋ ನೋಡುತ್ತಿದ್ದೆ. ಭಾಷೆ ಅರ್ಧ ತಿಳಿಯುತ್ತಿತ್ತು, ಕೈಯ ಕೆಲಸ ಪೂರ್ತಿ ತಿಳಿಯುತ್ತಿತ್ತು. ಅದರಲ್ಲಿ ನಾನು ಕಂಡುಕೊಂಡ ದೊಡ್ಡ ಗುಟ್ಟು ಬಟ್ಟೆ. ದುಂಡನೆಯ ಸೀಸದ ಗುಂಡು ನಳಿಗೆಗಿಂತ ಒಂದು ಕೂದಲಷ್ಟು ಸಣ್ಣದಿರಬೇಕು. ಅದನ್ನು ಎಣ್ಣೆ ಸವರಿದ ಬಟ್ಟೆಯ ಚೂರಿನಲ್ಲಿ ಸುತ್ತಿ ಒಳಗೆ ಜಡಿಯಬೇಕು. ಆಗ ಗುಂಡು ಅಲುಗಾಡದೆ ನೆಟ್ಟಗೆ ಹೋಗುತ್ತದೆ. ವಿಡಿಯೋದವರು ಆ ಚೂರಿಗೆ ಪ್ಯಾಚ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬಿದ್ದ ಹೆಸರು ಚಿಂದಿ.

ಇಳಕಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಅವರ ಅಪ್ಪನಿಗೆ ಬಂದೂಕು ರಿಪೇರಿಯ ಲೈಸೆನ್ಸ್ ಇತ್ತು. ಚಾಚಾ ಈಗ ಹೊಲಿಗೆ ಮಷೀನು ರಿಪೇರಿ ಮಾಡುತ್ತಾರೆ. ಅವರ ಮುಂದೆ ಹೋಗಿ ನನ್ನ ವಿದ್ಯೆಯನ್ನೆಲ್ಲ ಬಿಚ್ಚಿದೆ.

"ಚಾಚಾ, ನಳಿಗಿ ಒಳಗ ತಿರುವು ತಿರುವು ಗೀರು ಇರ್ತಾವಂತ್ರಿ, ಅದರಿಂದ ಗುಂಡು ಗಿರಗಿರ ತಿರುಗತೈತಂತ. ನಮ್ಮದರಾಗ ಟಾರ್ಚ್ ಹಾಕಿ ನೋಡೀನಿ, ಏನೂ ಕಾಣ್ಸಲಿಲ್ಲ."

"ಕಾಣೂದಿಲ್ಲ ಬೇಟಾ" ಅಂದರು ಚಾಚಾ, ಮಷೀನಿನ ಚಕ್ರಕ್ಕೆ ಎಣ್ಣೆ ಬಿಡುತ್ತ. "ಅದು ರೈಫಲ್ ಅಲ್ಲ, ಪೈಪ್ ಐತಿ. ನಿಮ್ಮ ಅಜ್ಜಗ ಹೇಳಬ್ಯಾಡ, ಪಾಪ, ಅದಕ್ಕ ಭಾಳ ಮರ್ಯಾದಿ ಕೊಡ್ತಾನ."

"ಹಂಗಾರ ಚಿಂದಿ ಕಟ್ಟಿ ಉಪಯೋಗ ಇಲ್ಲೇನ್ರಿ?"

"ಐತಿ. ಚಿಂದಿ ಇದ್ರ ಗುಂಡು ಗಟ್ಟಿ ಕೂಡತೈತಿ. ಆದ್ರ ಖರೆ ಹತ್ತಿ ಇರಬೇಕು, ನೋಡು. ಪಾಲಿಸ್ಟರ್ ಹಾಕಿದಿ ಅಂದ್ರ ಕರಗಿ ನಳಗಿಗೆ ಅಂಟಕೋತೈತಿ. ಆಮ್ಯಾಲ ನನ್ನ ಹಂತೇಕ ಬರಬ್ಯಾಡ."

ಹಳೆಯ ಅಚ್ಚಿನಿಂದ ತೆಗೆದಿಟ್ಟಿದ್ದ ಹತ್ತು ಹನ್ನೆರಡು ಗುಂಡುಗಳನ್ನು ಚಾಚಾ ಅಜ್ಜನ ಲೈಸೆನ್ಸ್ ನೋಡಿಯೇ ಕೊಟ್ಟರು. ನಾನು ಫ್ಯಾಕ್ಟರಿಯ ವರ್ನಿಯರ್ ಅಳತೆಗೋಲು ತಂದು ಗುಂಡು ಅಳೆದೆ, ನಳಿಗೆಯ ಬಾಯಿ ಅಳೆದೆ, ನಡುವೆ ಎಷ್ಟು ದಪ್ಪದ ಬಟ್ಟೆ ಬೇಕು ಅಂತ ಲೆಕ್ಕ ಹಾಕಿ ಅಂಗೈ ಮೇಲೆ ಬರೆದುಕೊಂಡೆ. ಇನ್ನು ಹತ್ತಿ ಬಟ್ಟೆ ಹುಡುಕುವುದಷ್ಟೇ ಬಾಕಿ ಅಂದುಕೊಂಡೆ.

ಅಷ್ಟೇ ಅಂದುಕೊಂಡಿದ್ದೆ, ನೋಡಿ. ಎಂಥ ಹತ್ತಿಯ ಸೀಮೆ ನಮ್ಮದು! ಆದರೆ ಮನೆಯಲ್ಲಿ ಒಂದು ಗೇಣು ಖರೆ ಹತ್ತಿ ಇಲ್ಲ. ನನ್ನ ಅಂಗಿ ಪಾಲಿಸ್ಟರ್, ಪರದೆ ಪಾಲಿಸ್ಟರ್, ಹಾಸಿಗೆಯ ಹೊದಿಕೆಯ ದಾರ ಎಳೆದು ಕಡ್ಡಿಪೆಟ್ಟಿಗೆ ಗೀರಿ ನೋಡಿದರೆ ಅದೂ ಕರಗಿ ಮಣಿಯಾಯಿತು. ಹೀಗೆ ಮನೆಯ ತುಂಬ ದಾರ ಸುಡುತ್ತ ತಿರುಗಿದೆ. ಅಜ್ಜನ ಧೋತರ ಮಾತ್ರ ಹತ್ತಿಯದು, ಆದರೆ ವರ್ನಿಯರ್ ಹಿಡಿದರೆ ಬೇಕಾದ್ದಕ್ಕಿಂತ ತೆಳು. ಅಳೆಯುವಾಗ ಅಜ್ಜ ಅದನ್ನು ಉಟ್ಟುಕೊಂಡೇ ಇದ್ದ.

"ಏನ ಅಳೀತೀಯೋ?"

"ನಿನ್ನ ಧೋತರದ ದಪ್ಪ, ಅಜ್ಜ."

"ಅಳಿ ಅಳಿ. ಇಷ್ಟು ವರ್ಷ ಉಟ್ಟೀನಿ, ನನಗೂ ಗೊತ್ತಿಲ್ಲ."

ಕೊನೆಗೆ ಆಯಿಯ ಟ್ರಂಕು. ಅದರ ತಳದಲ್ಲಿ ಬೇವಿನ ಎಲೆಯ ಕೆಳಗೆ ಒಂದು ಇಳಕಲ್ ಸೀರೆ. ಕಡುನೀಲಿ ಮೈ, ಕೆಂಪು ರೇಷ್ಮೆಯ ಸೆರಗು. ಮೈ ಹತ್ತಿ. ದಾರ ಸುಟ್ಟೆ: ಬೂದಿಯಾಯಿತು! ವರ್ನಿಯರ್ ಹಿಡಿದೆ: ಅಂಗೈ ಮೇಲಿನ ಅಂಕಿಯೇ! ಆ ಕ್ಷಣ ನನಗಾದ ಸಂತೋಷ ಹತ್ತನೇ ಇಯತ್ತೆ ಪಾಸಾದಾಗಲೂ ಆಗಿರಲಿಲ್ಲ. ಸೆರಗಿನ ಕಡೆ ಮುಟ್ಟಲಿಲ್ಲ, ಅಷ್ಟು ಬುದ್ಧಿ ಇತ್ತು. ಉಡುವಾಗ ಒಳಗೆ ಸಿಕ್ಕಿಸುವ ತುದಿಯಲ್ಲಿ, ಯಾರಿಗೂ ಕಾಣದ ಕಡೆ, ಕತ್ತರಿಯಿಂದ ಆರು ಚೂರು ಕತ್ತರಿಸಿಕೊಂಡೆ. ಮಡಿಕೆಯನ್ನು ಇದ್ದಂತೆಯೇ ಇಟ್ಟೆ. ಬೇವಿನ ಎಲೆಯನ್ನೂ ಇದ್ದಂತೆಯೇ ಹರವಿದೆ.

ಶುಕ್ರವಾರ ಫ್ಯಾಕ್ಟರಿಗೆ ರಜೆ ಹಾಕಿದೆ. ಹಂದಿಯ ಕಾಟ ಹೆಚ್ಚಾಗಿದ್ದರಿಂದ ಅರಣ್ಯ ಇಲಾಖೆಗೆ ಕೊಟ್ಟಿದ್ದ ಅರ್ಜಿಗೆ, ಹಂದಿ ಹೊಡೆಯಬಹುದು ಅನ್ನುವ ಅಪ್ಪಣೆಯ ಕಾಗದ ಬಂದಿತ್ತು. ಅಜ್ಜನ ಲೈಸೆನ್ಸಿನಲ್ಲಿ ಸಹಾಯಕ ಅಂತ ನನ್ನ ಹೆಸರೂ ಇರುವುದರಿಂದ ಅವನ ಜೊತೆಗಿದ್ದಾಗ ನಾನು ಬಂದೂಕು ಹಿಡಿಯಬಹುದು. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊಲದ ಬದುವಿನ ಮೇಲೆ ಕೂತೆವು. ಶೇಂಗಾದ ನಡುವೆ ನಮ್ಮ ಬೆದರುಗೊಂಬೆ ನಿಂತಿತ್ತು. ಅದಕ್ಕೆ ಅಜ್ಜನ ಹಳೆಯ ಅಂಗಿ, ಮೇಲೆ ಸುಣ್ಣ ಬಳಿದ ಗಡಿಗೆಯ ತಲೆ.

ನಾನು ಮದ್ದು ಸುರಿದೆ, ಚಿಂದಿಗೆ ಕುಸುಬಿ ಎಣ್ಣೆ ಸವರಿದೆ, ಗುಂಡು ಇಟ್ಟು ಜಡಿದೆ. ಅಜ್ಜ ಗುಂಡನ್ನು ನೋಡಿ ಹುಬ್ಬೇರಿಸಿದ.

"ಖರೇನ ಹೊಡಿಯಾವೇನು?"

"ಹೂಂ ಅಜ್ಜ. ಅಪ್ಪಣಿ ಐತಲ್ಲ."

"ಅಪ್ಪಣಿ ಐತಿ. ಬಿದ್ರ ಏನ ಮಾಡಾವ? ಮನೀಗೆ ತರತೀಯೇನು? ನಿಮ್ಮ ಆಯಿ ನಮ್ಮಿಬ್ಬರನ್ನೂ ಹಿತ್ತಲದಾಗ ಮಲಗಸ್ತಾಳ."

ಆರು ತಿಂಗಳ ವಿಡಿಯೋದಲ್ಲಿ ಇದೊಂದನ್ನು ನಾನು ಯೋಚಿಸಿರಲಿಲ್ಲ. ಯೋಚಿಸಲು ಶುರು ಮಾಡುವಷ್ಟರಲ್ಲಿ ಗೋವಿನಜೋಳದಿಂದ ಎರಡು ಹಂದಿಗಳು ಹೊರಗೆ ಬಂದವು. ತಮ್ಮದೇ ಹೊಲ ಅನ್ನುವ ಹಾಗೆ ನಿಧಾನವಾಗಿ ಬಂದು ಶೇಂಗಾ ಕೆದರತೊಡಗಿದವು. ನಾನು ಬಂದೂಕು ಎತ್ತಿದೆ. ಉಸಿರು ಹಿಡಿದೆ. ಕುದುರೆ ಎಳೆದೆ.

ಕೇಪು ಚಟ್ ಅಂದಿತು. ಅಷ್ಟೇ. ಏನಾಯಿತು ಅಂತ ನಾನು ಕತ್ತು ಎತ್ತುವಷ್ಟರಲ್ಲಿ ಢಂ! ಭುಜಕ್ಕೆ ಎತ್ತು ಹಾಯ್ದ ಹಾಗಾಯಿತು. ಕಣ್ಣಮುಂದೆ ಬಿಳಿ ಹೊಗೆ, ಮೂಗಿನ ತುಂಬ ದೀಪಾವಳಿ.

ಹೊಗೆ ಸರಿದಾಗ ಹಂದಿಗಳು ಇನ್ನೂ ಅಲ್ಲೇ ಇದ್ದವು. ಈ ಸಲ ಸಪ್ಪಳ ಆಕಾಶದ ಕಡೆಯಿಂದ ಬರದೆ ತಮ್ಮ ಕಡೆಗೇ ಬಂದದ್ದು ಅವಕ್ಕೆ ಹೊಸದಾಗಿರಬೇಕು. ನಮ್ಮನ್ನು ಒಮ್ಮೆ ನೋಡಿ, ಆಮೇಲೆ ರೂಢಿಯ ಪ್ರಕಾರ ಓಡಿದವು. ಬೆದರುಗೊಂಬೆಗೆ ಮಾತ್ರ ತಲೆ ಇರಲಿಲ್ಲ.

ಅಜ್ಜ ಬಹಳ ಹೊತ್ತು ಅದನ್ನೇ ನೋಡಿದ. "ಅಲ್ಲಲೇ" ಅಂದ, "ಹಂದಿ ಈ ಕಡೆ, ಅವ ಆ ಕಡೆ. ಅವ ನಿನಗ ಏನ ಮಾಡಿದ್ದನೋ? ನನ್ನ ಅಂಗಿ ಬ್ಯಾರೆ ಹಾಕ್ಕೊಂಡಿದ್ದ. ಸರಕಾರಕ್ಕ ಏನಂತ ಬರದು ಕೊಡ್ಲಿ ಈಗ?"

ಅವಮಾನ ತಡೆಯದೆ ಬದುವಿನ ಮಣ್ಣಿನ ಗೋಡೆಗೆ ಇನ್ನೊಂದು ಗಡಿಗೆ ಆನಿಸಿಟ್ಟು, ಮೂವತ್ತು ಹೆಜ್ಜೆಯಿಂದ ನಾಲ್ಕು ಗುಂಡು ಹಾರಿಸಿದೆ. ಗಡಿಗೆ ಅಲುಗಾಡಲಿಲ್ಲ. ವಿಡಿಯೋದಲ್ಲಿ ಒಂದು ಮಾತು ಹೇಳಿದ್ದರು: ಹಾರಿಸಿದ ಮೇಲೆ ಬಿದ್ದ ಚಿಂದಿಯನ್ನು ಹುಡುಕಿ ಓದಬೇಕು, ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತದೆ. ಹುಡುಕಿದೆ. ಮೂರು ಸಿಕ್ಕವು. ಮೂರೂ ನಡುವೆ ತೂತು ಬಿದ್ದು, ಅಂಚು ಹರಿದು, ಸುಟ್ಟ ಹಪ್ಪಳದ ಹಾಗಿದ್ದವು. ತಪ್ಪು ಇದೆ ಅನ್ನುವುದನ್ನು ಓದಿದೆ. ಏನು ತಪ್ಪು ಅನ್ನುವುದನ್ನು ಓದಲು ಬರಲಿಲ್ಲ.

"ಅಜ್ಜ, ಇನ್ನೆರಡು ಎಲ್ಲೆ ಬಿದ್ದಾವ ನೋಡು."

"ಒಂದು ಅಕಿ ಕೈಯಾಗೈತಿ" ಅಂದ ಅಜ್ಜ ಸಣ್ಣ ದನಿಯಲ್ಲಿ.

ಆಯಿ ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ಬದುವಿನ ತುದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಚಿಂದಿ. ಅದನ್ನು ಬೆಳಕಿಗೆ ಹಿಡಿದಳು, ಬೆರಳಿನಲ್ಲಿ ತಿಕ್ಕಿದಳು, ಒಂದು ಎಳೆ ಎಳೆದು ನೋಡಿದಳು. ನಾನು ಇಡೀ ಟ್ರಂಕನ್ನು ಇದ್ದಂತೆಯೇ ಜೋಡಿಸಿಟ್ಟಿದ್ದೆ. ಒಂದು ಸುಟ್ಟ ಚೂರು ನೋಡಿ ಯಾರಿಗೆ ಏನು ತಿಳಿಯುತ್ತದೆ?

"ಇದು ನಮ್ಮಪ್ಪನ ಮಗ್ಗದ್ದು" ಅಂದಳು ಆಯಿ.

ಬುತ್ತಿ ಇಳಿಸಿದಳು. ಕೂತಳು. ಆಗ ಅವಳು ಹೇಳಿದ್ದರಿಂದಲೇ ನನಗೆ ತಿಳಿಯಿತು. ಆ ಸೀರೆ ಅವಳಪ್ಪ ತನ್ನ ಕಣ್ಣು ಹೋಗುವ ಮೊದಲು ಮಗಳಿಗೆಂದು ನೇಯ್ದ ಕೊನೆಯ ಸೀರೆ. ಒಮ್ಮೆಯೂ ಉಟ್ಟಿಲ್ಲ. ತಾನು ಹೋದಾಗ ಉಡಿಸಬೇಕು ಅಂತ ಇಟ್ಟುಕೊಂಡದ್ದು.

"ಅದನ್ನ ಉಟ್ಕೊಂಡು ಶಿವನ ಹಂತೇಕ ಹೋಗಾಕಿ ಇದ್ನಿ" ಅಂದಳು. "ಈಗ ಅವ ಕೇಳ್ತಾನ, ಇದೇನವ್ವಾ ತೂತು ಅಂತ. ಏನ ಹೇಳ್ಲಿ? ನನ್ನ ಮೊಮ್ಮಗ ಬೆದರಗೊಂಬಿ ಬ್ಯಾಟಿ ಆಡಿದ ಅಂತ ಹೇಳ್ಲ್ಯಾ?"

ಅಜ್ಜ ಸಮಾಧಾನ ಮಾಡಲು ಹೋದ. "ಒಳಗಿನ ತುದಿ ಐತಿ ತಗೋ. ನಮ್ಮಲ್ಲಿ ಕುಂದರಿಸಿ ಮಣ್ಣ ಕೊಡ್ತಾರ. ಕುಂತಾಗ ಕಾಣೂದಿಲ್ಲ."

ಆಯಿ ಅವನನ್ನು ನೋಡಿದ ನೋಟಕ್ಕೆ ಅಜ್ಜ ಎದ್ದು ಹೋಗಿ ತಲೆಯಿಲ್ಲದ ಗೊಂಬೆಯ ಪಕ್ಕ ನಿಂತುಕೊಂಡ.

"ಸಹಿ ಇಲ್ಲ" ಅಂದಳು ಆಯಿ ನನಗೆ. "ಬಂದೂಕ ಠಾಣಾಕ ಹೋಗಲಿ. ಹಿಂದ ನೀನೂ ಹೋಗು."

ಎರಡು ದಿನ ಆಯಿ ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಹಾಕುತ್ತಿದ್ದಳು, ನಂಚಿಕೊಳ್ಳಲು ಶೇಂಗಾ ಹಿಂಡಿ ಹಾಕುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಇಳಕಲ್ಲಿಗೆ ಹೋಗಿ ಅಂಥದೇ ಕಡುನೀಲಿ ಸೀರೆ ಹುಡುಕಿದೆ, ಅಂಗಡಿಯವರು ತೋರಿಸಿದ್ದರಲ್ಲಿ ಒಂದೂ ಅದರ ಹಾಗೆ ಕಾಣಲಿಲ್ಲ. ಬರಿಗೈಯಲ್ಲಿ ಬಂದೆ. ಶನಿವಾರ ಸಂಜೆ ಅಜ್ಜ ಕೌದಿ ತೆಗೆದು ಹಾಸಿ, ಬಂದೂಕನ್ನು ಅದರ ಮೇಲೆ ಮಲಗಿಸಿದ. ಸುತ್ತಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ. ನನಗೆ ಹಂದಿಯೂ ಬೇಡ, ಗುಂಡೂ ಬೇಡ ಅನ್ನಿಸಿತು. ಆದರೆ ಆ ಗೋಡೆಯ ಮೊಳೆ ಖಾಲಿ ಇರುವುದನ್ನು ಅಜ್ಜ ದಿನಾ ನೋಡಬೇಕಲ್ಲ.

ಭಾನುವಾರ ಬೆಳಿಗ್ಗೆ ಆಯಿ ಕರೆದಳು.

"ಬಾ ಇಲ್ಲೆ, ಬ್ಯಾಟಿಗಾರ."

ಅವಳ ಮುಂದೆ ಮೊರ. ಮೊರದಲ್ಲಿ ಐದೂ ಸುಟ್ಟ ಚಿಂದಿಗಳು. ನನಗೆ ಮೂರು ಸಿಕ್ಕಿದ್ದವು, ಅವನ್ನು ಅಂಗಿಯ ಕಿಸೆಯಿಂದ ತೆಗೆದುಕೊಂಡಿದ್ದಳು. ಐದನೆಯದನ್ನು ಹೊಲಕ್ಕೆ ಹೋಗಿ ತಾನೇ ಹುಡುಕಿ ತಂದಿದ್ದಳು. ಪಕ್ಕದಲ್ಲಿ ಆ ಸೀರೆ, ಕೌದಿಯ ಮೇಲಿದ್ದ ಬಂದೂಕು, ಉಳಿದ ಗುಂಡುಗಳು.

"ಇದನ್ನ ಯಾವ ಕತ್ತೆ ಕತ್ತರಿಸಿದ್ದು?"

"ನಾನ, ಆಯಿ."

"ಗೊತ್ತೈತಿ. ಎಳಿ ಹಿಂಗ ಹೋಗೈತಿ, ನೀ ಹಂಗ ಕತ್ತರಿಸೀದಿ. ಸೊಟ್ಟ ಕತ್ತರಿಸಿದ ಅರಿವಿ ಜಗ್ಗತೈತಿ. ಒಂದ ಕಡೆ ದಪ್ಪ, ಒಂದ ಕಡೆ ತೆಳ್ಳಗ. ಗುಂಡು ನೆಟ್ಟಗ ಹ್ಯಾಂಗ ಹೋದೀತು?" ಇನ್ನೊಂದು ಎತ್ತಿಕೊಂಡಳು. "ಇದಕ್ಕ ಗಂಜಿ ಐತಿ. ಮಗ್ಗದಿಂದ ಇಳಿದ ಮ್ಯಾಲ ನೀರು ಕಂಡಿಲ್ಲ ಈ ಸೀರಿ. ಗಂಜಿ ಅರಿವಿ ಒಣ ಹಪ್ಪಳಿದ್ದಂಗ. ಬಗ್ಗೂದಿಲ್ಲ, ಮುರೀತೈತಿ. ಎಣ್ಣಿನೂ ಕುಡಿಯೂದಿಲ್ಲ. ಅದಕ್ಕ ಸುಟ್ಟೈತಿ."

ಆರು ತಿಂಗಳ ವಿಡಿಯೋದಲ್ಲಿ ಬಟ್ಟೆಯನ್ನು ಮೊದಲು ತೊಳೆದುಕೊಳ್ಳಿ ಅಂದದ್ದು ಆಗ ನೆನಪಾಯಿತು. ಆ ಭಾಗವನ್ನು ನಾನು ಓಡಿಸಿಬಿಟ್ಟಿದ್ದೆ.

"ಆದ್ರ ದಪ್ಪ ಬರೋಬ್ಬರಿ ಐತಿ ಆಯಿ, ವರ್ನಿಯರ್ ಹಿಡಿದು..."

"ಸುಡು ನಿನ್ನ ವರ್ನಿಯರ್" ಅಂದಳು. ಗುಂಡೊಂದನ್ನು ಬಟ್ಟೆಯ ಮೂಲೆಯಲ್ಲಿಟ್ಟು, ನಳಿಗೆಯ ಬಾಯಿಗೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಬರೋಬ್ಬರಿ ಐತಿ" ಅಂದಳು, ಮನಸ್ಸಿಲ್ಲದ ಮನಸ್ಸಿನಿಂದ.

ಆಮೇಲೆ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸೀರೆಯ ಒಳತುದಿಯನ್ನು ತಾನೇ ಒಂದು ಗೇಣು ಅಳೆದು, ಒಂದು ಎಳೆ ಎಳೆದು ಗೆರೆ ಮಾಡಿಕೊಂಡು, ಆ ಗೆರೆಯ ಮೇಲೆ ಕತ್ತರಿ ಓಡಿಸಿದಳು. ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ. ನನ್ನ ಆರು ತೂತುಗಳು ಆ ಗೇಣಿನೊಳಗೇ ಇದ್ದವು. ಉಳಿದ ಸೀರೆಗೆ ಮಡಿಚಿ ಹೊಲಿಗೆ ಹಾಕಿದಳು. ಈಗ ಸೀರೆ ಒಂದು ಗೇಣು ಸಣ್ಣದು, ಆದರೆ ಅದರಲ್ಲಿ ಒಂದೂ ತೂತಿಲ್ಲ.

"ನಾನೂ ಮೊದಲಿನಷ್ಟು ದಪ್ಪ ಇಲ್ಲ" ಅಂದಳು. "ಸಾಕಾಗತೈತಿ."

ಕತ್ತರಿಸಿದ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಹಿಂಡಿ ಹಿಂಡಿ ಗಂಜಿ ಬಿಡಿಸಿ, ಬಿಸಿಲಿಗೆ ಹಾಕಿದಳು. ಸಂಜೆಯೊಳಗೆ ಬಟ್ಟೆ ಬೆಣ್ಣೆಯಾಗಿತ್ತು. ಎಳೆಯ ಗುಂಟ ಚೌಕ ಚೌಕ ಕತ್ತರಿಸಿ, ತಾನೇ ಕುಸುಬಿ ಎಣ್ಣೆ ಸವರಿ ಕೈಗೆ ಕೊಟ್ಟಳು. ಮೂವರೂ ಹೊಲಕ್ಕೆ ಹೋದೆವು. ಅದೇ ಗಡಿಗೆ, ಅದೇ ಮೂವತ್ತು ಹೆಜ್ಜೆ.

"ಹೊಡಿ" ಅಂದಳು ಆಯಿ, ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡು.

ಢಂ. ಹೊಗೆ. ಹೊಗೆಯ ಆಚೆಯಿಂದ ಗಡಿಗೆ ಒಡೆದ ಸಪ್ಪಳ ಬಂತು, ಅಜ್ಜ ಚಿಕ್ಕ ಹುಡುಗನ ಹಾಗೆ ಕೂಗಿದ. ನಾನು ಗಡಿಗೆಯ ಕಡೆ ಓಡಿದೆ. ಆಯಿ ಗಡಿಗೆಯನ್ನು ನೋಡಲೇ ಇಲ್ಲ. ನೆಟ್ಟಗೆ ಹೋಗಿ ಹುಲ್ಲಿನಲ್ಲಿ ಬಿದ್ದಿದ್ದ ಚಿಂದಿಯನ್ನು ಹೆಕ್ಕಿಕೊಂಡಳು. ತೂತಿಲ್ಲ, ಹರಿದಿಲ್ಲ. ನಡುವೆ ಗುಂಡಿನ ದುಂಡನೆಯ ಕಪ್ಪು ಗುರುತು, ಸುತ್ತ ನೀಲಿ ಇದ್ದ ಹಾಗೆಯೇ.

"ನೋಡು" ಅಂದಳು ಅಜ್ಜನಿಗೆ. "ನಮ್ಮಪ್ಪನ ಕೈ."

ಅಲ್ಲೇ ಬದುವಿನ ಮೇಲೆ ಕೂತು, ಸಂಚಿಯಿಂದ ಕಾಗದ ತೆಗೆದು ನನ್ನ ಪೆನ್ನು ಕೇಳಿದಳು. ಕಾಗದದ ಮೇಲೆ ಎಲೆ ಅಡಿಕೆಯ ಕೆಂಪು ಕಲೆ ಬಿದ್ದಿತ್ತು. ಒಂದೊಂದೇ ಅಕ್ಷರ ಮಾಡಿ ಸಹಿ ಹಾಕುತ್ತ ಹೇಳಿದಳು: "ಬುದ್ಧಿ ಬಂದೈತಿ ಅಂತ ಅಲ್ಲ. ಮುದುಕ ಆ ಮೊಳಿ ನೋಡಿ ನೋಡಿ ಸಾಯ್ತಾನ ಅಂತ. ಮತ್ತ ಉಳಿದ ಚಿಂದಿ ನನ್ನ ಹಂತೇಕ ಇರ್ತಾವ."

ಮರುದಿನ ಬಾಗಲಕೋಟೆಯ ಆಫೀಸಿನಲ್ಲಿ ಕಾಗದ ತೆಗೆದುಕೊಂಡವರು ಕೆಂಪು ಕಲೆ ನೋಡಿ, "ಏನ್ರಿ ಇದು, ರಕ್ತ ಏನ್ರಿ?" ಅಂದರು. ಅಜ್ಜ ಎದೆ ಸೆಟೆಸಿ, "ಶಿಕಾರಿ ಮನಿತನ ನಮ್ದು" ಅಂದ.

ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಬಂದೂಕು ಅದೇ ಮೊಳೆಯ ಮೇಲಿದೆ. ಚಿಂದಿಗಳು ಆಯಿಯ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದ ಅರೆಯಲ್ಲಿ. ಹಂದಿ ಬಂದ ದಿನ ಕೇಳಿದರೆ ಕೊಡುವುದಿಲ್ಲ, ಗೋವಿನಜೋಳದ ಸಿಪ್ಪೆ ತೋರಿಸುತ್ತಾಳೆ. ನಾನು ಆಕಾಶಕ್ಕೆ ಹಾರಿಸುತ್ತೇನೆ, ಹಂದಿಗಳು ಓಡುತ್ತವೆ, ಎರಡು ದಿನ ಬಿಟ್ಟು ಬರುತ್ತವೆ. ಬಿಡುವಿನ ದಿನ ಮಾತ್ರ ಅವಳ ಮುಂದೆ ಕೈ ಚಾಚಿ ನಿಲ್ಲುತ್ತೇನೆ.

"ಆಯಿ, ಒಂದ ಚಿಂದಿ."

"ಯಾರಿಗೆ?"

"ಗಡಗಿಗೆ."

"ಹಳೇ ಗಡಗಿ ಏನು?"

"ಹಳೇದು. ಒಡದದ್ದು."

ಎಲೆ ಅಗಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಆಮೇಲೆ ಸಂಚಿ ಬಿಚ್ಚಿ ಒಂದೇ ಒಂದು ತೆಗೆದು ಅಂಗೈ ಮೇಲಿಡುತ್ತಾಳೆ.

"ಹೊಡದ ಮ್ಯಾಲ ಚಿಂದಿ ಹೊಳ್ಳಿ ತಂದು ತೋರಸು."